ಜನವರಿ ತಿಂಗಳ ಫೀಸು: ಮೋಲಾದಿಂದ ಶುರುವಾದ ಒಂದು ಶಾಲಾ ನೆರವಿನ ಪ್ರಕರಣ

1991ರಲ್ಲಿ ಆನ್ ಕಾಟನ್ ಎಂಬ ಬ್ರಿಟಿಷ್ ಮಹಿಳೆ ಜಿಂಬಾಬ್ವೆಯ ಮೋಲಾ ಎಂಬ ಹಳ್ಳಿಗೆ ಹೋದರು. ಹಳ್ಳಿಗಾಡಿನ ಹುಡುಗಿಯರು ಹೈಸ್ಕೂಲಿಗೆ ಯಾಕೆ ಬರುತ್ತಿಲ್ಲ ಎಂದು ತಿಳಿದುಕೊಳ್ಳುವುದು ಅವರ ಅಧ್ಯಯನದ ವಿಷಯ. ಆಗ ಈ ಪ್ರಶ್ನೆಗೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರ ಇತ್ತು. ಅಲ್ಲಿನ ತಂದೆತಾಯಿಗೆ ಹೆಣ್ಣುಮಕ್ಕಳನ್ನು ಓದಿಸುವ ಮನಸ್ಸಿಲ್ಲ, ಅದು ಅವರ ಸಂಪ್ರದಾಯ, ಮೊದಲು ಅವರ ಮನಸ್ಸು ಬದಲಾಯಿಸಬೇಕು ಅಂತ.

ಮೋಲಾದಲ್ಲಿ ಅವರಿಗೆ ಇಬ್ಬರು ಅಕ್ಕತಂಗಿಯರು ಸಿಕ್ಕರು. ಇಬ್ಬರೂ ಹದಿಹರೆಯದವರು. ತಮ್ಮ ಕಡೆಯ ಶಾಲೆಯ ಫೀಸು ಕಟ್ಟಲು ಆಗದೆ, ಮೋಲಾದಲ್ಲಿ ಫೀಸು ಕಡಿಮೆ ಎಂದು ಕೇಳಿ ಸುಮಾರು 100 ಕಿಲೋಮೀಟರ್ ನಡೆದು ಬಂದಿದ್ದರು. ಶಾಲೆಯ ಹತ್ತಿರ ತಾವೇ ಒಂದು ಗುಡಿಸಲು ಹಾಕಿಕೊಂಡಿದ್ದರು. ತಾವೇ ಸೌದೆ ತಂದು, ತಾವೇ ಬೇಯಿಸಿಕೊಂಡು, ಕೈಯಲ್ಲಿದ್ದ ಚೂರುಪಾರು ದುಡ್ಡು ಟರ್ಮ್ ಮುಗಿಯುವವರೆಗೆ ಸಾಲುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದರು. ಇಷ್ಟು ದೂರ ಮಕ್ಕಳನ್ನು ಕಳಿಸಿದ ಮನೆಯವರಿಗೆ ಓದಿನ ಬೆಲೆ ಗೊತ್ತಿಲ್ಲ ಎಂದು ಹೇಳುವುದು ಹೇಗೆ?

ಕಾಟನ್ ಊರಿನ ಹಿರಿಯರನ್ನು, ತಂದೆತಾಯಂದಿರನ್ನು ಕೂರಿಸಿಕೊಂಡು ಕೇಳಿದರು. ಯಾರೂ ಹುಡುಗಿಯರು ಓದಬಾರದು ಎಂದು ಹೇಳಲಿಲ್ಲ. ದುಡ್ಡಿಲ್ಲ ಎಂದರು, ಅಷ್ಟೇ. ಒಬ್ಬರ ಫೀಸಿಗಾಗುವಷ್ಟೇ ಇದ್ದಾಗ ಮನೆಯವರು ಗಂಡುಮಗನನ್ನು ಕಳಿಸುತ್ತಿದ್ದರು. ಪಟ್ಟಣದಲ್ಲಿ ಸಂಬಳದ ಕೆಲಸ ಏನಾದರೂ ಸಿಕ್ಕರೆ ಅವನಿಗೇ ಸಿಗುವ ಸಂಭವ ಜಾಸ್ತಿ. ಮಗಳು ಮದುವೆಯಾಗಿ ಬೇರೆ ಮನೆಗೆ ಹೋಗುವವಳು. ಮದುವೆಯಲ್ಲಿ ಗಂಡಿನ ಕಡೆಯವರು ತೆರ ಕೊಡುತ್ತಾರೆ, ಶೋನಾ ಭಾಷೆಯಲ್ಲಿ ಅದಕ್ಕೆ ರೂರಾ ಎನ್ನುತ್ತಾರೆ. ಹೊಟ್ಟೆಗಿಲ್ಲದ ವರ್ಷ ಆ ತೆರವೂ ಮನೆಯವರ ಲೆಕ್ಕಕ್ಕೆ ಬರುತ್ತದೆ. ಇದು ಕ್ರೂರವಾದ ಲೆಕ್ಕ, ಒಪ್ಪುತ್ತೇನೆ. ಆದರೆ ಇದು ಬಡತನ ಹಾಕಿಸಿದ ಲೆಕ್ಕ. ಸಂಪ್ರದಾಯದ ಮೇಲೆ ಹೊರಿಸಿಬಿಟ್ಟರೆ ಮುಂದೆ ಮಾಡಬೇಕಾದ ಕೆಲಸವೇ ತಪ್ಪಿಹೋಗುತ್ತದೆ. ಮನಸ್ಸು ಬದಲಾಯಿಸಲು ಭಾಷಣ ಸಾಕು. ಬಡತನ ಅಡ್ಡ ಬಂದಿದ್ದರೆ ಯಾರಾದರೂ ಫೀಸು ಕಟ್ಟಲೇಬೇಕು.

ಕಾಟನ್ ಇಂಗ್ಲೆಂಡಿಗೆ ವಾಪಸು ಹೋಗಿ ಕೇಂಬ್ರಿಡ್ಜಿನಲ್ಲಿ ಕೇಕ್ ಮಾಡಿ ಮಾರಿ, ಸ್ನೇಹಿತರನ್ನು ಕೇಳಿ ದುಡ್ಡು ಕೂಡಿಸಿದರು. 1993ರಲ್ಲಿ 32 ಹುಡುಗಿಯರು ಆ ದುಡ್ಡಿನಿಂದ ಹೈಸ್ಕೂಲಿಗೆ ಸೇರಿದರು. ಕ್ಯಾಮ್‌ಫೆಡ್ ಎಂಬ ಸಂಸ್ಥೆ ಶುರುವಾದದ್ದು ಹೀಗೆ. ಇವತ್ತು ಅದು ಜಿಂಬಾಬ್ವೆ, ಜಾಂಬಿಯಾ, ಘಾನಾ, ಟಾಂಜಾನಿಯಾ, ಮಲಾವಿ ದೇಶಗಳಲ್ಲಿ ಕೆಲಸ ಮಾಡುತ್ತಿದೆ. ಸಂಸ್ಥೆಯ ಗುಣಗಾನ ಮಾಡಲು ಇದನ್ನು ಬರೆಯುತ್ತಿಲ್ಲ. ಬಡ ಮಗುವೊಂದರ ಹೈಸ್ಕೂಲು ಓದಿಗೆ ದುಡ್ಡು ಕೊಡುವುದು ಅಂದರೆ ನಿಜವಾಗಿ ಏನೇನು ಮಾಡಬೇಕಾಗುತ್ತದೆ ಎಂಬುದು ಈ ಒಂದು ಪ್ರಕರಣದಲ್ಲಿ ತುಂಬ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೇ ಇದನ್ನು ಆರಿಸಿಕೊಂಡೆ.

ಮುಳುಗಡೆಯ ಊರು

ಮೋಲಾ ಇಷ್ಟು ಬಡವಾಗಿದ್ದಕ್ಕೆ ಒಂದು ಹಿನ್ನೆಲೆ ಇದೆ. ಅದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ.

ಅಲ್ಲಿನವರು ಟೊಂಗಾ ಜನ. ಜಾಂಬೆಜಿ ನದಿಯ ಎರಡೂ ದಡದಲ್ಲಿ ಬಾಳುತ್ತಿದ್ದವರು. ಹೊಳೆಯ ಪ್ರವಾಹ ಇಳಿದ ಮೇಲೆ ದಡದ ಹಸಿ ಮಣ್ಣಿನಲ್ಲಿ ಬೆಳೆ ತೆಗೆಯುತ್ತಿದ್ದರು. ಆದ್ದರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೆಳೆ ಸಿಗುತ್ತಿತ್ತು. 1955ರಿಂದ 1959ರವರೆಗೆ ಅಲ್ಲಿ ಕರೀಬಾ ಅಣೆಕಟ್ಟು ಕಟ್ಟಿದರು. 128 ಮೀಟರ್ ಎತ್ತರದ ಗೋಡೆ. ವಿದ್ಯುತ್ತು ಹೋಗಿದ್ದು ದೂರದ ಗಣಿಗಳಿಗೆ, ನಗರಗಳಿಗೆ. ನೀರು ನಿಂತಿದ್ದು ಟೊಂಗಾ ಜನರ ಹೊಲಮನೆಯ ಮೇಲೆ. ಎರಡೂ ದಡ ಸೇರಿ ಸುಮಾರು 57,000 ಜನರನ್ನು ಎಬ್ಬಿಸಿ ಒಣ ಎತ್ತರದ ಜಾಗಗಳಿಗೆ ಸಾಗಿಸಿದರು. ಮುಳುಗಡೆ ಎಂದರೆ ಏನು ಎಂದು ಶರಾವತಿ ಕಣಿವೆ ಬಿಟ್ಟು ಬಂದ ಮನೆಗಳವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಹೊಸ ಜಾಗದಲ್ಲಿ ಮಣ್ಣು ಬಡಕಲು, ಮಳೆ ಕಡಿಮೆ. ಸೆಟ್ಸೆ ನೊಣದ ಕಾಟದಿಂದ ದನ ಸಾಕುವುದು ಕಷ್ಟ. ಪಕ್ಕದಲ್ಲೇ ಮಟುಸಾಡೋನಾ ರಾಷ್ಟ್ರೀಯ ಉದ್ಯಾನ, ಅಲ್ಲಿಂದ ಆನೆಗಳು ಹೊಲಕ್ಕೆ ನುಗ್ಗುತ್ತವೆ. ಕಣ್ಣೆದುರು ಸಮುದ್ರದಂಥ ಕೆರೆ, ಹೊಲಕ್ಕೆ ನೀರಿಲ್ಲ. ತಮ್ಮ ನದಿಯ ದೇವತೆ ನ್ಯಾಮಿನ್ಯಾಮಿಯನ್ನು ಈ ಗೋಡೆ ಅವನ ಹೆಂಡತಿಯಿಂದ ಬೇರೆ ಮಾಡಿದೆ ಎಂದು ಟೊಂಗಾ ಹಿರಿಯರು ಇವತ್ತಿಗೂ ಹೇಳುತ್ತಾರೆ.

ಇದರ ಮೇಲೆ 1991ರಲ್ಲೇ ಜಿಂಬಾಬ್ವೆ ಸರ್ಕಾರ ವಿಶ್ವಬ್ಯಾಂಕ್ ಮತ್ತು ಐಎಂಎಫ್ ಬೆಂಬಲದ ಆರ್ಥಿಕ ಸುಧಾರಣೆ ಶುರುಮಾಡಿತು. ಸರ್ಕಾರದ ಖರ್ಚು ಕಡಿತ ಮಾಡು, ಸೇವೆಗಳಿಗೆ ಜನರಿಂದ ಶುಲ್ಕ ತಗೋ ಎನ್ನುವ ನೀತಿ. 1980ರಲ್ಲಿ ಸ್ವಾತಂತ್ರ್ಯ ಬಂದಾಗ ಪ್ರಾಥಮಿಕ ಶಾಲೆಯನ್ನು ಉಚಿತ ಮಾಡಿದ ದೇಶ ಅದು. ಹತ್ತೇ ವರ್ಷದಲ್ಲಿ ಆಫ್ರಿಕಾಕ್ಕೇ ಮಾದರಿ ಎನ್ನುವಂತೆ ಶಾಲೆಗಳನ್ನು ಕಟ್ಟಿತ್ತು. ಈಗ ಖರ್ಚು ಮತ್ತೆ ಮನೆಯವರ ಹೆಗಲಿಗೆ ಬಿತ್ತು. 1992ರಲ್ಲಿ ಆಫ್ರಿಕಾ ಖಂಡದ ದಕ್ಷಿಣ ಭಾಗಕ್ಕೆಲ್ಲ ಭೀಕರ ಬರ ಬಂತು. ಆ 32 ಹುಡುಗಿಯರು ಶಾಲೆಗೆ ಸೇರಿದ್ದು ಇದರ ಮರುವರ್ಷ.

ಜನವರಿ

ಜಿಂಬಾಬ್ವೆಯಲ್ಲಿ ಏಳನೇ ತರಗತಿಗೆ ಪ್ರಾಥಮಿಕ ಶಾಲೆ ಮುಗಿಯುತ್ತದೆ. ಆಮೇಲೆ ಫಾರ್ಮ್ 1ರಿಂದ ಫಾರ್ಮ್ 4ರವರೆಗೆ ಹೈಸ್ಕೂಲು. ಕೊನೆಯಲ್ಲಿ ಓ-ಲೆವೆಲ್ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಶಾಲಾ ವರ್ಷ ಶುರುವಾಗುವುದು ಜನವರಿಯಲ್ಲಿ.

ಈಗ ಆ ಜನವರಿಯಲ್ಲಿ ಒಂದು ಹಳ್ಳಿಮನೆಯ ಸ್ಥಿತಿ ಹೇಗಿರುತ್ತದೆ ನೋಡಿ. ಮಳೆ ನವೆಂಬರಿನಲ್ಲಿ ಶುರು, ಮಾರ್ಚಿಗೆ ಮುಗಿಯುತ್ತದೆ. ಮುಸುಕಿನ ಜೋಳದ ಕೊಯ್ಲು ಏಪ್ರಿಲ್ ಹೊತ್ತಿಗೆ. ಹಾಗಾದರೆ ಜನವರಿ ಎಂದರೆ ಹೊಲದಲ್ಲಿ ಪೈರು ಮೊಣಕಾಲೆತ್ತರ, ಕಣಜದಲ್ಲಿ ಹೋದ ವರ್ಷದ ತಳಕಾಳು. ನಮ್ಮ ಮುದ್ದೆಯ ಹಾಗೆ ಅವರಿಗೆ ಸಾಡ್ಜಾ, ಮುಸುಕಿನ ಜೋಳದ ಹಿಟ್ಟಿನಲ್ಲಿ ತಿರುವಿದ ಗಟ್ಟಿ ಮುದ್ದೆ. ಎರಡು ಹೊತ್ತು ಉಣ್ಣುತ್ತಿದ್ದ ಮನೆ ಒಂದು ಹೊತ್ತಿಗೆ ಬರುವ ತಿಂಗಳು ಅದು. ಫೀಸು ಕಟ್ಟಬೇಕಾದದ್ದೂ ಅದೇ ತಿಂಗಳು. ಒಂದು ಮೇಕೆ ಮಾರೋಣ ಎಂದರೆ ಊರಿನವರೆಲ್ಲ ಅದೇ ವಾರ ಮೇಕೆ ಮಾರಲು ನಿಂತಿರುತ್ತಾರೆ. ಕೊಳ್ಳುವವನು ಹೇಳಿದ್ದೇ ಬೆಲೆ.

ಫೀಸು ಒಂದನ್ನೇ ಕಟ್ಟಿದರೂ ಮುಗಿಯುವುದಿಲ್ಲ. ಹೈಸ್ಕೂಲಿಗೆ ಬೇರೆ ಬಣ್ಣದ ಯೂನಿಫಾರ್ಮು. ಕರಿ ಬೂಟು, ಬಿಳಿ ಸಾಕ್ಸು. ಚಳಿಗಾಲಕ್ಕೆ ಶಾಲೆಯ ಜರ್ಸಿ. ಪ್ರತಿ ವಿಷಯಕ್ಕೂ ನೋಟ್‌ಬುಕ್ಕು, ಪೆನ್ನು, ಜಾಮೆಟ್ರಿ ಬಾಕ್ಸು. ಪ್ರಾಥಮಿಕ ಶಾಲೆ ಹೇಗೋ ನಡೆದುಹೋಗುವಷ್ಟು ದೂರದಲ್ಲಿರುತ್ತದೆ, ಹೈಸ್ಕೂಲು ಇರುವುದಿಲ್ಲ. ಬೆಳಗಿನ ಕತ್ತಲಲ್ಲಿ ಎದ್ದು ಹತ್ತು ಹದಿನೈದು ಕಿಲೋಮೀಟರ್ ನಡೆಯಬೇಕು, ಇಲ್ಲವೇ ಶಾಲೆಯ ಬಳಿ ಎಲ್ಲಾದರೂ ಉಳಿಯಬೇಕು. ಅಪ್ಪ ಅಮ್ಮ ತೀರಿಹೋಗಿ ಅಜ್ಜಿಯ ಹತ್ತಿರ ಬೆಳೆಯುವ ಮಗುವಿಗೆ ಮೇಕೆಯೂ ಇರುವುದಿಲ್ಲ. 1990ರ ದಶಕದ ಕೊನೆಗೆ ಜಿಂಬಾಬ್ವೆಯಲ್ಲಿ ಸುಮಾರು ನಾಲ್ಕು ವಯಸ್ಕರಲ್ಲಿ ಒಬ್ಬರಿಗೆ ಎಚ್‌ಐವಿ ಇತ್ತು. ಅಂಥ ಅಜ್ಜಿಮನೆಗಳು ಎಷ್ಟಿದ್ದಿರಬೇಕು ಎಂದು ನೀವೇ ಯೋಚಿಸಿ.

ಅರ್ಧ ಫೀಸು ಕಟ್ಟಿ ಸೇರಿದ ಮಕ್ಕಳ ಕಥೆ ಇನ್ನೊಂದು ಬಗೆ. ಟರ್ಮಿನ ನಡುವೆ ಬಾಕಿ ಇರುವವರ ಹೆಸರು ಕೂಗುತ್ತಾರೆ. ಫೀಸು ತಂದ ಮೇಲೆ ಬಾ ಎಂದು ಮನೆಗೆ ಕಳಿಸುತ್ತಾರೆ. ಹುಡುಗಿ ಒಂದು ವಾರ, ಎರಡು ವಾರ ಮನೆಯಲ್ಲಿ ಕೂರುತ್ತಾಳೆ. ವಾಪಸು ಬಂದಾಗ ಗಣಿತದಲ್ಲಿ ಎರಡು ಪಾಠ ಮುಂದೆ ಹೋಗಿರುತ್ತವೆ. ಹೀಗೆ ವರ್ಷಕ್ಕೆ ಮೂರು ಟರ್ಮಿನಲ್ಲೂ ಆದರೆ ಯಾವ ಮಗು ತಾನೇ ಓದಿನಲ್ಲಿ ಉಳಿದೀತು?

ಇಷ್ಟೆಲ್ಲ ದಾಟಿದವಳಿಗೂ ಕೊನೆಗೊಂದು ಗೇಟು ಇದೆ. ಓ-ಲೆವೆಲ್ ಪರೀಕ್ಷೆಗೆ ಒಂದೊಂದು ವಿಷಯಕ್ಕೂ ಬೇರೆ ಬೇರೆ ಶುಲ್ಕ. ಇಂಗ್ಲಿಷ್, ಗಣಿತ ಸೇರಿ ಐದು ವಿಷಯ ಪಾಸಾಗದೆ ಶಿಕ್ಷಕರ ತರಬೇತಿಗೂ ನರ್ಸಿಂಗಿಗೂ ದಾರಿಯಿಲ್ಲ. ಐದಕ್ಕೆ ಕಟ್ಟಲು ದುಡ್ಡಿಲ್ಲದೆ ಎರಡೇ ವಿಷಯ ಬರೆಯುವ ಮಕ್ಕಳಿದ್ದಾರೆ. ನಾಲ್ಕು ವರ್ಷ ಹಸಿದುಕೊಂಡು ಓದಿ, ಪರೀಕ್ಷೆಯ ಹಾಲಿನ ಬಾಗಿಲಲ್ಲಿ ನಿಂತುಬಿಡುವುದು. ಈ ವಿಷಯದಲ್ಲಿ ನನಗೆ ತುಂಬ ಸಂಕಟ ಕೊಡುವ ಸಂಗತಿ ಇದು.

ಈ ಕಾರಣಕ್ಕೇ ಕ್ಯಾಮ್‌ಫೆಡ್ ಮೊದಲಿನಿಂದಲೂ ನೆರವು ಎಂದರೆ ಪೂರ್ತಿ ನೆರವು ಎಂದಿಟ್ಟುಕೊಂಡಿತು. ಫೀಸು, ಯೂನಿಫಾರ್ಮು, ಬೂಟು, ಪುಸ್ತಕ, ಸ್ಯಾನಿಟರಿ ಪ್ಯಾಡು, ದೂರದವರಿಗೆ ಹಾಸ್ಟೆಲ್ ಖರ್ಚು ಅಥವಾ ಸೈಕಲ್ಲು, ಕೊನೆಗೆ ಪರೀಕ್ಷಾ ಶುಲ್ಕ. ಒಬ್ಬಳನ್ನು ಕೈಹಿಡಿದರೆ ಹೈಸ್ಕೂಲು ಮುಗಿಯುವವರೆಗೆ ಬಿಡಬಾರದು ಎನ್ನುವ ಮಾತು. ದಾನಿಗಳಿಗೆ ಇದು ಅಷ್ಟು ಇಷ್ಟವಾಗುವ ಲೆಕ್ಕವಲ್ಲ. ಅದೇ ದುಡ್ಡಿನಲ್ಲಿ ಮೂರು ಪಟ್ಟು ಮಕ್ಕಳಿಗೆ ಬರೀ ಫೀಸು ಕಟ್ಟಬಹುದಲ್ವಾ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಟ್ಟಬಹುದು. ವರದಿಯಲ್ಲಿ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಅವರಲ್ಲಿ ಎಷ್ಟು ಮಂದಿ ಬೂಟಿಲ್ಲದೆ, ಪರೀಕ್ಷಾ ಶುಲ್ಕವಿಲ್ಲದೆ ನಡುವೆ ಬಿಟ್ಟರು ಎಂಬುದು ಮಾತ್ರ ಆ ವರದಿಯಲ್ಲಿ ಇರುವುದಿಲ್ಲ.

ಚಿಲಕವಿಲ್ಲದ ಬಾಗಿಲು

ಆ ಅಕ್ಕತಂಗಿಯರ ಗುಡಿಸಲಿಗೆ ಇನ್ನೊಮ್ಮೆ ಬರೋಣ. ಅದು ಅವರೊಬ್ಬರದೇ ಕಥೆಯಾಗಿರಲಿಲ್ಲ. ಜಿಂಬಾಬ್ವೆ, ಜಾಂಬಿಯಾ, ಟಾಂಜಾನಿಯಾದ ಹಳ್ಳಿಗಾಡಿನಲ್ಲಿ ಇವತ್ತಿಗೂ ಹೀಗೆ ಶಾಲೆಯ ಆಸುಪಾಸು ಬಾಡಿಗೆ ಕೋಣೆಯಲ್ಲೋ ಗುಡಿಸಲಲ್ಲೋ ತಾವೇ ಇರುವ ಮಕ್ಕಳಿದ್ದಾರೆ. ಹದಿಮೂರು ಹದಿನಾಲ್ಕು ವರ್ಷದವರು. ಒಂದು ಚಾಪೆ, ಎರಡು ಪಾತ್ರೆ, ಮೂಲೆಯಲ್ಲಿ ಜೋಳದ ಹಿಟ್ಟಿನ ಚೀಲ, ಒಂದು ಸೀಮೆಎಣ್ಣೆ ಬುಡ್ಡಿ. ಬಾಗಿಲಿಗೆ ಚಿಲಕವೂ ಸರಿಯಾಗಿರುವುದಿಲ್ಲ. ತಿಂಗಳ ಕೊನೆಗೆ ಹಿಟ್ಟು ಮುಗಿದಾಗ ಸೋಪು, ಸಕ್ಕರೆ, ಚೂರು ದುಡ್ಡು ಹಿಡಿದುಕೊಂಡು ಬರುವ ದೊಡ್ಡ ಗಂಡಸರು ಇರುತ್ತಾರೆ. ಅದರ ಮುಂದಿನದು ಹೇಳಬೇಕಾಗಿಲ್ಲ. ಬಸುರಾದ ಹುಡುಗಿ ಶಾಲೆ ಬಿಡುತ್ತಾಳೆ. ಬಂದವನ ಹೆಸರನ್ನು ಯಾರೂ ಕೂಗುವುದಿಲ್ಲ.

ಫೀಸಿನ ರಸೀತಿ ಈ ಬಾಗಿಲನ್ನು ಕಾಯುವುದಿಲ್ಲ. ಅದಕ್ಕೆ ಊರಿನವರೇ ಬೇಕು. ನನ್ನ ಮಟ್ಟಿಗೆ ಈ ಪ್ರಕರಣದ ಜೀವ ಇರುವುದು ಇಲ್ಲೇ.

ಯಾರಿಗೆ ನೆರವು ಕೊಡಬೇಕು ಎಂದು ಲಂಡನ್ನಿನಲ್ಲೋ ಹರಾರೆಯಲ್ಲೋ ಕೂತವರು ತೀರ್ಮಾನ ಮಾಡುವುದಿಲ್ಲ. ಊರಿನ ಸಮಿತಿ ಮಾಡುತ್ತದೆ. ಹೆಡ್‌ಮೇಷ್ಟ್ರು, ಊರಿನ ಮುಖ್ಯಸ್ಥರು, ತಾಯಂದಿರು, ಆಸ್ಪತ್ರೆಯವರು, ಪೊಲೀಸಿನವರು, ಹಿಂದೆ ನೆರವು ಪಡೆದ ಹುಡುಗಿಯರು ಅದರಲ್ಲಿ ಇರುತ್ತಾರೆ. ಯಾರ ಮನೆಯಲ್ಲಿ ಒಲೆ ಉರಿದಿಲ್ಲ, ಯಾವ ಅಜ್ಜಿ ಎಷ್ಟು ಮೊಮ್ಮಕ್ಕಳನ್ನು ಸಾಕುತ್ತಿದ್ದಾಳೆ, ಯಾವ ಹುಡುಗಿಯ ಮದುವೆ ಮಾತು ನಡೆಯುತ್ತಿದೆ ಎನ್ನುವುದು ಅರ್ಜಿ ಫಾರಂನಲ್ಲಿ ಗೊತ್ತಾಗುವುದಿಲ್ಲ, ಅಕ್ಕಪಕ್ಕದವರಿಗೆ ಗೊತ್ತಿರುತ್ತದೆ. ಹಳ್ಳಿ ಎಂದ ಮೇಲೆ ಪಕ್ಷಪಾತವೂ ಇರುತ್ತದೆ. ಮುಖ್ಯಸ್ಥರ ಸಂಬಂಧಿಕರ ಮಗಳ ಹೆಸರು ಮೇಲೆ ಬರುವ ಅಪಾಯ ಎಲ್ಲ ಕಡೆಯೂ ಇದ್ದದ್ದೇ. ಅದಕ್ಕೆ ಮದ್ದು ಎಂದರೆ ಎಲ್ಲವನ್ನೂ ಎಲ್ಲರ ಎದುರು ಮಾಡುವುದು. ಯಾರಿಗೆ ಏನು ಸಿಗಬೇಕು ಎನ್ನುವುದು ಮಗುವಿಗೂ, ಮನೆಯವರಿಗೂ, ಸಮಿತಿಗೂ ಗೊತ್ತಿದ್ದರೆ ನಡುವೆ ಬೂಟು ಮಾಯವಾಗುವುದು ಕಷ್ಟ.

ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕಿಗೆ ತರಬೇತಿ ಕೊಟ್ಟು, ಹುಡುಗಿಯರು ತಮ್ಮ ಕಷ್ಟ ಹೇಳಿಕೊಳ್ಳಲು ಒಬ್ಬರು ಇರುವಂತೆ ಮಾಡಿದರು. ಹುಡುಗಿ ಎರಡು ದಿನ ಬರದಿದ್ದರೆ ಯಾಕೆ ಎಂದು ಕೇಳುವವರು ಅವರೇ. ತಾಯಂದಿರ ಗುಂಪುಗಳು ಇನ್ನೊಂದು ಕಡೆಯಿಂದ ಬೆಳೆದವು. ತಾವು ಓದದ ತಾಯಂದಿರೇ ಜಾಸ್ತಿ. ತರಕಾರಿ ಬೆಳೆದು, ಮಾರಿ, ಅದರಲ್ಲಿ ಮಕ್ಕಳಿಗೆ ಊಟ ಬೇಯಿಸಿ ಹಾಕಿದರು. ಕೆಲವು ಕಡೆ ಅಪ್ಪಂದಿರೂ ಸೇರಿ ಶಾಲೆಯ ಆವರಣದಲ್ಲೇ ಹುಡುಗಿಯರು ಉಳಿಯಲು ಕೋಣೆ ಕಟ್ಟಿದರು. ಓದಿಸುವ ಮನಸ್ಸಿಲ್ಲ ಎಂದು ಹೊರಗಿನವರು ಯಾರ ಬಗ್ಗೆ ಹೇಳುತ್ತಿದ್ದರೋ ಆ ತಂದೆತಾಯಂದಿರೇ ಇವರು.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಮಗುವಿನ ಫೋಟೊ ತೋರಿಸಿ, ತಿಂಗಳಿಗೆ ಇಷ್ಟು ಕೊಡಿ, ಈ ಮಗು ನಿಮ್ಮದು, ಅದು ನಿಮಗೆ ಪತ್ರ ಬರೆಯುತ್ತದೆ ಎನ್ನುವ ಜಾಹೀರಾತುಗಳು ನಮ್ಮಲ್ಲೂ ಬರುತ್ತವೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬಳಿಗೆ ದೂರದ ಊರಿಂದ ಉಡುಗೊರೆ ಬಂದು ಇನ್ನೊಬ್ಬಳಿಗೆ ಬರದಿದ್ದರೆ ಆ ಬೆಂಚಿನ ಮೇಲೆ ಏನಾಗುತ್ತದೆ? ದಾನಿ ಮನಸ್ಸು ಬದಲಾಯಿಸಿ ನಿಲ್ಲಿಸಿದರೆ ಫಾರ್ಮ್ 3ರಲ್ಲಿರುವ ಹುಡುಗಿ ಏನು ಮಾಡಬೇಕು? ದುಡ್ಡು ಒಂದೇ ನಿಧಿಗೆ ಬಂದು, ಊರಿನ ಸಮಿತಿ ಹಂಚಿ, ಹುಡುಗಿ ಯಾರಿಗೂ ಕೃತಜ್ಞತೆಯ ಪತ್ರ ಬರೆಯುವ ಋಣದಲ್ಲಿ ಇಲ್ಲದಿರುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ಶಾಲೆ ಅವಳ ಹಕ್ಕು.

ದುಡ್ಡಿಗೇ ಬೆಲೆ ಇಲ್ಲದ ವರ್ಷ

2008ರಲ್ಲಿ ಇಡೀ ವ್ಯವಸ್ಥೆಗೆ ಪೆಟ್ಟು ಬಿತ್ತು. ಆ ಜುಲೈನಲ್ಲಿ ಜಿಂಬಾಬ್ವೆಯ ಹಣದುಬ್ಬರ ಅಧಿಕೃತ ಲೆಕ್ಕದಲ್ಲೇ ಶೇಕಡಾ 23 ಕೋಟಿ ದಾಟಿತ್ತು. ಮೇಷ್ಟ್ರ ತಿಂಗಳ ಸಂಬಳಕ್ಕೆ ಬಸ್ ಚಾರ್ಜೂ ಬರುತ್ತಿರಲಿಲ್ಲ. ಸಾವಿರಾರು ಶಿಕ್ಷಕರು ಗಡಿ ದಾಟಿ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ ಕಡೆ ಹೋದರು. ಚುನಾವಣೆಯ ಹಿಂಸೆ, ಮೇಲೆ ಕಾಲರಾ. ತರಗತಿಗಳು ಬಹುಪಾಲು ನಿಂತೇಹೋದವು. 2009ರ ಜನವರಿಯಲ್ಲಿ 100 ಟ್ರಿಲಿಯನ್ ಡಾಲರಿನ ನೋಟು ಬಂತು, ಒಂದರ ಮುಂದೆ ಹದಿನಾಲ್ಕು ಸೊನ್ನೆ. ಕೆಲವೇ ವಾರದಲ್ಲಿ ದೇಶ ತನ್ನ ಹಣವನ್ನೇ ಬಿಟ್ಟು ಅಮೆರಿಕನ್ ಡಾಲರ್ ಬಳಸಲು ಶುರುಮಾಡಿತು. ಹಳ್ಳಿಯವರಿಗೆ ಇದು ಹೊಸ ಕಷ್ಟ. ಫೀಸು ಈಗ ಡಾಲರಿನಲ್ಲಿ, ಡಾಲರು ಹಳ್ಳಿಯಲ್ಲಿ ಎಲ್ಲಿಂದ ಬರಬೇಕು?

ಶಾಲೆ ನಿಂತ ದೇಶದಲ್ಲಿ ಶಾಲೆಯ ನೆರವು ಏನು ಮಾಡೀತು? ಫೀಸು ಕಟ್ಟಿದರೂ ಪಾಠ ಮಾಡಲು ಮೇಷ್ಟ್ರೇ ಇಲ್ಲ. ಸರ್ಕಾರದ ಜಾಗವನ್ನು ಯಾವ ದಾನಿಯೂ ತುಂಬಲಾರ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಫೀಸು ಕಟ್ಟಿದ್ದರಿಂದಲೇ ಓದಿದರೇ?

ಒಂದು ಸಂದೇಹ ನ್ಯಾಯವಾದದ್ದು. ನೆರವು ಪಡೆದ ಹುಡುಗಿ ಓದಿ ಮುಂದೆ ಬಂದಳು, ಸರಿ. ನೆರವು ಸಿಗದಿದ್ದರೂ ಅವಳು ಹೇಗಾದರೂ ಓದುತ್ತಿದ್ದಳೇನೋ? ಒಂದು ಸಂಸ್ಥೆ ತನ್ನದೇ ಹುಡುಗಿಯರ ಕಥೆ ಹೇಳಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ.

ಉತ್ತರ ಸಿಕ್ಕಿದ್ದು ಘಾನಾದಲ್ಲಿ, ಕ್ಯಾಮ್‌ಫೆಡ್‌ಗೆ ಸಂಬಂಧವಿಲ್ಲದ ಒಂದು ಅಧ್ಯಯನದಲ್ಲಿ. ಎಸ್ತರ್ ಡಫ್ಲೊ, ಪ್ಯಾಸ್ಕಲೀನ್ ಡುಪಾ, ಮೈಕಲ್ ಕ್ರೆಮರ್ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ್ದು. ಇವರಲ್ಲಿ ಡಫ್ಲೊ, ಕ್ರೆಮರ್ ಇಬ್ಬರಿಗೂ 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಜೊತೆ ನೊಬೆಲ್ ಬಂತು. 2008ರಲ್ಲಿ ಅವರು 2,064 ಹಳ್ಳಿ ಹುಡುಗ ಹುಡುಗಿಯರನ್ನು ಗುರುತಿಸಿದರು. ಎಲ್ಲರೂ ಪರೀಕ್ಷೆ ಪಾಸಾಗಿ ಹಿರಿಯ ಪ್ರೌಢಶಾಲೆಯಲ್ಲಿ ಸೀಟು ಪಡೆದವರು. ದುಡ್ಡಿಲ್ಲದೆ ಸೇರಿರಲಿಲ್ಲ, ಅಷ್ಟೇ. ಚೀಟಿ ಎತ್ತಿ 682 ಜನಕ್ಕೆ ವಿದ್ಯಾರ್ಥಿವೇತನ ಕೊಟ್ಟರು. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಬ್ಬರನ್ನೂ, ಸಿಕ್ಕವರನ್ನೂ ಸಿಗದವರನ್ನೂ, ಬಿಡದೆ ಹಿಂಬಾಲಿಸಿದರು.

ಚೀಟಿ ಸಿಗದವರಲ್ಲೂ ಅರ್ಧದ ಹತ್ತಿರದಷ್ಟು ಮಂದಿ ಹೇಗೋ ಕೂಡಿಸಿಕೊಂಡು, ತಡವಾಗಿಯಾದರೂ ಓದು ಮುಗಿಸಿದರು. ಹಳ್ಳಿ ಮನೆಗಳ ಹಟ ಎಂಥದ್ದು ನೋಡಿ. ಚೀಟಿ ಸಿಕ್ಕವರಲ್ಲಿ ಮುಗಿಸಿದವರ ಪ್ರಮಾಣ ಅದಕ್ಕಿಂತ ಸುಮಾರು 26 ಶೇಕಡಾ ಅಂಶ ಜಾಸ್ತಿ. ಅಂದರೆ ನೂರು ಮಕ್ಕಳಲ್ಲಿ ಇಪ್ಪತ್ತಾರು ಮಕ್ಕಳು ಬರೀ ದುಡ್ಡಿನ ಕಾರಣಕ್ಕೆ ಓದು ಕಳೆದುಕೊಳ್ಳುತ್ತಿದ್ದರು. ಬುದ್ಧಿಗೆ ಕೊರತೆ ಇರಲಿಲ್ಲ, ಆಸೆಗೂ ಇರಲಿಲ್ಲ. ಓದಿದ ಹುಡುಗಿಯರು ತಡವಾಗಿ ತಾಯಂದಿರಾದರು, ಮಕ್ಕಳ ಸಂಖ್ಯೆಯೂ ಕಡಿಮೆ. ಮುಂದೆ ಕಾಲೇಜಿಗೆ ಹೋದವರು ಹೆಚ್ಚು. ಆದರೆ ಗಳಿಕೆಯ ಮೇಲಿನ ಪರಿಣಾಮ ಎಲ್ಲರಿಗೂ ಒಂದೇ ಥರ ಇರಲಿಲ್ಲ. ಹಳ್ಳಿಯಲ್ಲಿ ಓದಿದವರಿಗೆ ತಕ್ಕ ಕೆಲಸ ಎಲ್ಲಿದೆ?

ಫಾರ್ಮ್ 4 ಆದ ಮೇಲೆ

ಮೋಲಾದಿಂದ ಶುರುವಾದ ಕೆಲಸಕ್ಕೂ ಇದೇ ಪ್ರಶ್ನೆ ಎದುರಾಯಿತು. 1998ರ ಹೊತ್ತಿಗೆ ಮೊದಲ ತಂಡದ ಹುಡುಗಿಯರು ಶಾಲೆ ಮುಗಿಸಿದ್ದರು. ಊರಿನಲ್ಲಿ ಕೆಲಸವಿಲ್ಲ. ಊರಿನ ಮೊದಲ ಓದಿದ ಹುಡುಗಿ ಎಂಬ ಹೆಸರು ಇದೆ, ಕೈಯಲ್ಲಿ ಕಾಸಿಲ್ಲ. ಪಟ್ಟಣಕ್ಕೆ ಹೋದರೆ ಮನೆಗೆಲಸ. ಆಗ ಅವರೇ ಸೇರಿ ಒಂದು ಸಂಘ ಕಟ್ಟಿಕೊಂಡರು. ಕಾಮಾ ಎಂದು ಕರೆದರು. ಆಗ ಅದರಲ್ಲಿದ್ದವರು ಕೆಲವು ನೂರು ಯುವತಿಯರು, ಈಗ ಐದು ದೇಶ ಸೇರಿ ಎರಡು ಲಕ್ಷಕ್ಕೂ ಹೆಚ್ಚು.

ಸಂಘದ ಹುಡುಗಿಯರು ಮೊದಲು ಮಾಡಿದ ಕೆಲಸ ಇನ್ನೊಬ್ಬರ ಮಗುವಿಗೆ ಪೆನ್ಸಿಲ್, ನೋಟ್‌ಬುಕ್, ಸೋಪು ಕೊಡಿಸುವಂಥ ಸಣ್ಣ ಕೆಲಸಗಳು. ತಾವು ಕೋಳಿ ಸಾಕಿದ, ಬಟ್ಟೆ ಹೊಲಿದ ದುಡ್ಡಿನಲ್ಲಿ. ಯಾರೂ ಹೇಳಿಕೊಟ್ಟಿರಲಿಲ್ಲ. ಬಾಕಿ ಇರುವವರ ಪಟ್ಟಿಯಲ್ಲಿ ತನ್ನ ಹೆಸರು ಕೂಗಿಸಿಕೊಂಡವಳಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆ ಮೊದಲ ತಂಡದಲ್ಲಿದ್ದ ಒಬ್ಬ ಹುಡುಗಿ ಆಂಜಲೀನ್ ಮುರಿಮಿರ್ವಾ. ಹಳ್ಳಿಯ ಬಡ ರೈತರ ಮಗಳು. ಓದಿನಲ್ಲಿ ಮುಂದು, ಮುಂದೆ ಓದಿಸಲು ಮನೆಯಲ್ಲಿ ದುಡ್ಡಿರಲಿಲ್ಲ. ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು. 2020ರಲ್ಲಿ ಅವರಿಗೂ ಸಂಸ್ಥೆಯ ಆಗಿನ ಮುಖ್ಯಸ್ಥೆ ಲೂಸಿ ಲೇಕ್ ಅವರಿಗೂ ಸೇರಿ ಶಿಕ್ಷಣ ಕ್ಷೇತ್ರದ ಯಿಡಾನ್ ಪ್ರಶಸ್ತಿ ಬಂತು. 2023ರಿಂದ ಇಡೀ ಕ್ಯಾಮ್‌ಫೆಡ್ ಅನ್ನು ನಡೆಸುತ್ತಿರುವವರು ಅವರೇ. ನೆರವು ಪಡೆದವರೇ ನೆರವಿನ ದುಡ್ಡು ಹೇಗೆ ಖರ್ಚಾಗಬೇಕು ಎಂದು ತೀರ್ಮಾನ ಮಾಡುವ ಕುರ್ಚಿಗೆ ಬರುವುದು ಈ ಕ್ಷೇತ್ರದಲ್ಲಿ ತುಂಬ ಅಪರೂಪ. ಇದನ್ನು ಓದಿದಾಗ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ.

ಸಂಘದ ಯುವತಿಯರಲ್ಲಿ ಕೆಲವರು ತಾವು ಓದಿದ ಶಾಲೆಗೇ ವಾಪಸು ಬಂದು ಸ್ವಯಂಸೇವಕಿಯರಾಗಿ ಕೆಲಸ ಮಾಡುತ್ತಾರೆ. ಲರ್ನರ್ ಗೈಡ್ ಎಂದು ಅವರ ಹೆಸರು. ವಾರಕ್ಕೊಮ್ಮೆ ತರಗತಿಯಲ್ಲಿ ಧೈರ್ಯ, ಆರೋಗ್ಯ, ಓದುವ ಬಗೆ ಇಂಥದ್ದನ್ನು ಮಾತಾಡಿಸುತ್ತಾರೆ. ಹುಡುಗರೂ ಆ ತರಗತಿಯಲ್ಲಿ ಕೂರುತ್ತಾರೆ. ಇದಕ್ಕೆ ಬದಲಾಗಿ ಅವರಿಗೆ ತರಬೇತಿಯ ಸರ್ಟಿಫಿಕೇಟು ಸಿಗುತ್ತದೆ, ಸಣ್ಣ ವ್ಯಾಪಾರಕ್ಕೆ ಕೀವಾ ಎಂಬ ಸಾಲ ನೀಡುವ ಸಂಸ್ಥೆಯ ಮೂಲಕ ಬಡ್ಡಿಯಿಲ್ಲದ ಸಾಲ ಸಿಗುತ್ತದೆ. ಬಡ್ಡಿಯ ಬದಲು ಶಾಲೆಯಲ್ಲಿ ಕೊಡುವ ಸಮಯವೇ ಲೆಕ್ಕ. ಅಸಲು ಮಾತ್ರ ದುಡ್ಡಿನಲ್ಲಿ ವಾಪಸು.

ಇದರಲ್ಲಿ ನನಗೆ ಒಂದು ಅಸಮಾಧಾನ ಉಳಿದಿದೆ. ಸಂಬಳವಿಲ್ಲದೆ ಬಡ ಯುವತಿಯರ ಸಮಯದ ಮೇಲೆ ನಿಂತಿರುವ ಕೆಲಸ ಇದು. ಶಾಲೆಯ ಸಮಾಲೋಚಕಿ ಮಾಡಬೇಕಾದ ಕೆಲಸವನ್ನು ಅವರು ಮಾಡುತ್ತಿದ್ದಾರೆ. ಸರ್ಕಾರಗಳು ಈ ಕೆಲಸವನ್ನು ಹೊಗಳುತ್ತವೆ, ಹೊಗಳಿಕೆಯ ಜೊತೆ ಸಂಬಳವನ್ನೂ ಕೊಡುವ ದಿನ ಬರಬೇಕು.

ಈ ನಡುವೆ ಕಾನೂನು, ನೀತಿ ಎರಡೂ ಮುಂದೆ ಬಂದಿವೆ. 2016ರ ಜನವರಿಯಲ್ಲಿ ಜಿಂಬಾಬ್ವೆಯ ಸಂವಿಧಾನ ನ್ಯಾಯಾಲಯ 18 ವರ್ಷಕ್ಕಿಂತ ಮೊದಲು ಯಾರ ಮದುವೆಯೂ ಕೂಡದು ಎಂದು ತೀರ್ಪು ಕೊಟ್ಟಿತು. ಆ ಕೇಸು ಹಾಕಿದ್ದು ಬಾಲ್ಯವಿವಾಹವಾಗಿದ್ದ ಇಬ್ಬರು ಯುವತಿಯರು. ಅಲ್ಲಿನ ಶಿಕ್ಷಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಬಸುರಾದ ಕಾರಣಕ್ಕಾಗಲಿ ಫೀಸು ಬಾಕಿ ಇರುವ ಕಾರಣಕ್ಕಾಗಲಿ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಟಾಂಜಾನಿಯಾ 2016ರಿಂದ ಫಾರ್ಮ್ 4ರವರೆಗೆ ಫೀಸು ತೆಗೆಯಿತು. ಘಾನಾ 2017ರಲ್ಲಿ, ಜಾಂಬಿಯಾ 2022ರಲ್ಲಿ ಹೈಸ್ಕೂಲು ಉಚಿತ ಮಾಡಿದವು. ಮಕ್ಕಳು ಎಷ್ಟು ಬಂದರೆಂದರೆ ಘಾನಾದಲ್ಲಿ ಕೋಣೆ ಸಾಲದೆ 2018ರಿಂದ ಎರಡು ತಂಡ ಮಾಡಿ ಸರದಿಯಲ್ಲಿ ಶಾಲೆ ನಡೆಸಬೇಕಾಯಿತು. ಇಷ್ಟು ಮಕ್ಕಳು ಇಷ್ಟು ವರ್ಷ ಹೊರಗೆ ನಿಂತು ಕಾಯುತ್ತಿದ್ದರು ಎಂದಾಯಿತು.

ಆದರೆ ಫೀಸು ಹೋದ ದೇಶಗಳಲ್ಲೂ ಬೂಟಿಗೆ, ಜರ್ಸಿಗೆ, ಹಿಟ್ಟಿನ ಚೀಲಕ್ಕೆ ದುಡ್ಡು ಬೇಕೇ ಬೇಕು. ಜಿಂಬಾಬ್ವೆಯಲ್ಲಿ ಫೀಸು ಇನ್ನೂ ಇದೆ. ಅದಕ್ಕೇ ಪ್ರತಿ ಜನವರಿಯಲ್ಲೂ ಲರ್ನರ್ ಗೈಡ್‌ಗಳಿಗೆ ಪಾಠಕ್ಕಿಂತ ಮುಂಚಿನ ಒಂದು ಕೆಲಸ ಇರುತ್ತದೆ. ಏಳನೇ ತರಗತಿ ಪಾಸಾದವರ ಹೆಸರು, ಫಾರ್ಮ್ 1ಕ್ಕೆ ಬಂದು ಕೂತವರ ಹೆಸರು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಎರಡನೇ ಪಟ್ಟಿಯಲ್ಲಿ ಇಲ್ಲದ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಮಳೆ ನಿಂತ ಹೊತ್ತು ನೋಡಿ, ಆ ಮನೆಗಳ ಕಡೆ ನಡೆದು ಹೊರಡುತ್ತಾರೆ.